ಹಳೆ ಕೌದಿಗೆ ಹೊಂದುವ ನೀಲಿ: ಪೇಂಟ್ ಬಕೆಟ್‌ನಲ್ಲೊಂದು ಇಂಡಿಗೊ ವ್ಯಾಟ್

ಕೌದಿಯ ತೇಪೆ ಹರಿದರೆ ಇನ್ನೊಂದು ತೇಪೆ ಹೊಲಿಯಬಹುದು. ಕಷ್ಟ ಇರೋದು ಬಣ್ಣ ಹೊಂದಿಸೋದರಲ್ಲಿ. ನನ್ನ ಕೈಗೆ ಬಂದದ್ದು ದೊಡ್ಡವ್ವನ ಕೌದಿ, ಧಾರವಾಡದ ಕಡೆ ಹೊಲಿದದ್ದು. ಹಳೆ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ, ಸಾಲಾಗಿ ದಾರ ಓಡಿಸಿದ್ದು. ಕೆಂಪು, ಹಸಿರು ತುಂಡುಗಳು ಇನ್ನೂ ಗಟ್ಟಿಯಾಗಿವೆ. ನೀಲಿ ತುಂಡುಗಳು ಜಾಳಾಗಿ ಹರಿದಿವೆ. ಅವೂ ಒಂದೇ ನೀಲಿ ಅಲ್ಲ: ಒಂದು ಕಡುನೀಲಿ, ಒಂದು ನಡುವಿನದು, ಒಂದು ಬಿಳಿಚಿಕೊಂಡ ಆಕಾಶದ ಬಣ್ಣ.

"ಅಂಗಡ್ಯಾಗ ನೀಲಿ ಅರಿವಿ ಬೇಕಾದಷ್ಟು ಸಿಗತಾವಲ್ಲೋ, ಇಷ್ಟ್ಯಾಕ ಒದ್ದಾಡತಿ?" ಅಂತ ದೊಡ್ಡವ್ವ ಕೇಳಿದಳು. ಸಿಗುತ್ತವೆ, ನಿಜ. ಆದರೆ ಅಂಗಡಿಯ ನೀಲಿ ಬಟ್ಟೆ ಇದರ ಪಕ್ಕ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮುಂದೆ ಬರುತ್ತದೆ. ಹಳೆ ತುಂಡುಗಳು ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ತಿಳಿಯಾಗುತ್ತವೆ, ಹೊಸದು ಹಾಗೇ ಕೂತಿರುತ್ತದೆ. ಒಟ್ಟಿಗೆ ಮಾಸಬೇಕೆಂದರೆ ಎರಡೂ ಒಂದೇ ಜಾತಿಯ ಬಣ್ಣ ಆಗಿರಬೇಕು. ಹಾಗಾಗಿ ಹಳೆ ತುಂಡಿನ ಬಣ್ಣ ಯಾವುದು ಅಂತ ಮೊದಲು ಗೊತ್ತಾಗಬೇಕಿತ್ತು.

ಪರೀಕ್ಷೆ ಸುಲಭ. ಹೊಲಿಗೆಯ ಒಳಗಿನಿಂದ ಒಂದೊಂದು ಎಳೆ ಬಿಡಿಸಿಕೊಂಡೆ. ಗಾಜಿನ ಲೋಟದಲ್ಲಿ ಬಿಸಿನೀರು, ಅದಕ್ಕೆ ಚಿಟಿಕೆ ಕಾಸ್ಟಿಕ್ ಸೋಡಾ, ಚಿಟಿಕೆ ಹೈಡ್ರೋಸ್. ಬಣ್ಣದ ಅಂಗಡಿಗಳಲ್ಲಿ ಹೈಡ್ರೋಸ್ ಅಂದರೆ ಸೋಡಿಯಂ ಡೈಥಯೊನೈಟ್, ಬೇರೆ ವಸ್ತುವಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವ ಬಿಳಿ ಪುಡಿ. ಕಡುನೀಲಿ ಮತ್ತು ನಡುವಿನ ನೀಲಿಯ ಎಳೆಗಳು ನೋಡ್ತಾ ನೋಡ್ತಾ ಹಳದಿಗೆ ತಿರುಗಿದವು. ಹೊರಗೆ ತೆಗೆದು ಬಿಳಿ ಕಾಗದದ ಮೇಲೆ ಗಾಳಿಗೆ ಇಟ್ಟರೆ ಮತ್ತೆ ನೀಲಿ. ಹೀಗೆ ಹೋಗಿ ಬರುವ ನೀಲಿ ಇಂಡಿಗೊ. ತಿಳಿನೀಲಿಯದೂ ಹಾಗೇ ಆಯಿತು. ಹೋಲಿಕೆಗೆ ಇರಲಿ ಅಂತ ಕೆಂಪು ತುಂಡಿನ ಎಳೆಯನ್ನೂ ಹಾಕಿದೆ. ಅದರ ಬಣ್ಣ ಹೋಯಿತು, ವಾಪಸ್ ಬರಲಿಲ್ಲ. ಅದು ಏಜೋ ಗುಂಪಿನ ಬಣ್ಣ. ಎರಡು ಸಾರಜನಕ ಪರಮಾಣುಗಳ ನಡುವಿನ ಜೋಡಿ ಕೊಂಡಿಯೇ ಆ ಬಣ್ಣದ ಜೀವ. ಹೈಡ್ರೋಸ್ ಅದನ್ನು ಕತ್ತರಿಸಿಬಿಟ್ಟರೆ ಅಣು ಎರಡು ತುಂಡು, ಗಾಳಿಗೆ ಅದನ್ನು ಮತ್ತೆ ಕೂಡಿಸಲು ಬರುವುದಿಲ್ಲ.

ಒಂದು ಎಚ್ಚರಿಕೆ. ಎಳೆ ನೀಲಿಯಾಗೇ ಉಳಿದರೆ ಬಣ್ಣ ಗಟ್ಟಿ ಎಂದಷ್ಟೇ ಅಂದುಕೊಳ್ಳಬೇಡಿ. ಇಂಡಾಂಥ್ರೋನ್ ಎಂಬ ಇನ್ನೊಂದು ವ್ಯಾಟ್ ಬಣ್ಣವಿದೆ, ಅಂದರೆ ಇಂಡಿಗೊ ಹಾಗೆ ಹೈಡ್ರೋಸ್‌ನಲ್ಲಿ ಕರಗಿ, ಗಾಳಿಗೆ ಮತ್ತೆ ಗಟ್ಟಿಯಾಗುವ ಜಾತಿಯದು. ಅದು ಕರಗಿದ ಸ್ಥಿತಿಯಲ್ಲೂ ನೀಲಿಯೇ. 1901ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯ ರೆನೆ ಬೋನ್ ಇಂಡಿಗೊ ತರಹದ್ದೇನೋ ಮಾಡಲು ಹೊರಟು ಅದನ್ನು ಕಂಡುಕೊಂಡ. ಬಿಸಿಲಿಗೂ ಒಗೆತಕ್ಕೂ ಇಂಡಿಗೊಗಿಂತ ಎಷ್ಟೋ ಗಟ್ಟಿ. ಕೌದಿಗೆ ಅದೇ ಬೇಡವಾದ ಗುಣ!

ತೇಪೆಗೆ ಬಟ್ಟೆ ಮನೆಯಲ್ಲೇ ಇತ್ತು, ಹಳೆ ಬಿಳಿ ಧೋತರಗಳು. ಒಗೆದೂ ಒಗೆದೂ ಗಂಜಿಯೆಲ್ಲ ಹೋಗಿ ಮೆತ್ತಗಾಗಿದ್ದವು. ಪೂರ್ತಿ ಹತ್ತಿ ಹೌದೋ ಅಲ್ವೋ ನೋಡಲು ಒಂದು ಎಳೆ ಸುಟ್ಟೆ. ಕಾಗದ ಸುಟ್ಟ ವಾಸನೆ, ಪುಡಿಪುಡಿ ಬೂದಿ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಸೇರಿದೆ, ಈ ಕೆಲಸಕ್ಕೆ ಬೇಡ. ಆಮೇಲೆ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿದೆ. ಬಿಳಿ ಬಟ್ಟೆಯಿಂದ ಚಹಾ ಬಣ್ಣದ ನೀರು ಬಂತು. ಮೈಯ ಎಣ್ಣೆ, ಹಳೆ ಸೋಪಿನ ಜಿಡ್ಡು ಎಲ್ಲ ಅದರಲ್ಲಿತ್ತು. ಇದನ್ನು ಬಿಟ್ಟರೆ ಜಿಡ್ಡಿದ್ದ ಕಡೆ ಬಣ್ಣ ಹಿಡಿಯದೆ ಕಲೆಕಲೆ ಆಗುತ್ತದೆ.

ಈ ನಡುವೆ ಪಕ್ಕದ ಮನೆಯವರು, "ಬಿಳಿ ಬಟ್ಟೆಗೆ ಹಾಕೋ ನೀಲಿ ಪುಡಿಯನ್ನೇ ಜಾಸ್ತಿ ಹಾಕಿದ್ರೆ ಆಗಲ್ವಾ?" ಅಂದರು. ಆಗಲ್ಲ. ಆ ಹಳೆ ಕಾಲದ ನೀಲಿ ಪುಡಿ ಅಲ್ಟ್ರಾಮರೀನ್. ಗಂಧಕ ಸೇರಿದ, ಜೇಡಿಮಣ್ಣಿನ ಕುಲದ ಒಂದು ಪಿಗ್ಮೆಂಟ್. ಒಂದು ಕಾಲಕ್ಕೆ ಅಫ್ಘಾನಿಸ್ತಾನದ ನೀಲಿ ಕಲ್ಲನ್ನು ಅರೆದು ಇದನ್ನು ತೆಗೆಯುತ್ತಿದ್ದರು. ಫ್ರಾನ್ಸಿನಲ್ಲಿ 6000 ಫ್ರಾಂಕ್ ಬಹುಮಾನ ಘೋಷಿಸಿ, 1828ರಲ್ಲಿ ಗಿಮೆ ಎಂಬಾತ ಕೃತಕವಾಗಿ ತಯಾರಿಸುವ ದಾರಿ ತೋರಿಸಿದ ಮೇಲೆ ಅಗ್ಗವಾಯಿತು. ಪಿಗ್ಮೆಂಟ್ ನೀರಿನಲ್ಲಿ ಕರಗುವುದಿಲ್ಲ. ಬಟ್ಟೆಯ ಮೇಲೆ ಕೂರುತ್ತದೆ, ಮುಂದಿನ ಒಗೆತಕ್ಕೆ ಎದ್ದು ಹೋಗುತ್ತದೆ.

ಮಜಾ ಏನೆಂದರೆ, ಇಂಡಿಗೊ ಕೂಡ ಪಿಗ್ಮೆಂಟೇ! ನೀಲಿ ಇರುವಾಗ ಅದು ನೀರಿನಲ್ಲಿ ಒಂದಿಷ್ಟೂ ಕರಗದು. ಹೈಡ್ರೋಸ್ ಕೊಟ್ಟು ಹಳದಿ ಮಾಡಿದಾಗ ಮಾತ್ರ ಕರಗುತ್ತದೆ, ಎಳೆಯೊಳಗೆ ನುಗ್ಗುತ್ತದೆ. ಗಾಳಿ ತಗುಲಿದ ಕೂಡಲೇ ಮತ್ತೆ ಕರಗದ ನೀಲಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಇಂಡಿಗೊ ಕೆಲಸ ಅಂದರೆ ಗಾಳಿಯನ್ನು ಸಂಭಾಳಿಸುವ ಕೆಲಸ. ಬಕೆಟ್ ಒಳಗೆ ಗಾಳಿ ಬರಬಾರದು, ಬಕೆಟ್ ಹೊರಗೆ ಗಾಳಿ ಚೆನ್ನಾಗಿ ಆಡಬೇಕು. ಪಾತ್ರೆ, ಮುಚ್ಚಳ, ಕಲಕುವ ರೀತಿ, ಅದ್ದುವ ರೀತಿ ಎಲ್ಲವನ್ನೂ ಇದೇ ಲೆಕ್ಕದ ಮೇಲೆ ಆರಿಸಿಕೊಂಡೆ.

ಪಾತ್ರೆಯಾಗಿ 20 ಲೀಟರಿನ ಖಾಲಿ ಪೇಂಟ್ ಬಕೆಟ್. ಎತ್ತರ ಜಾಸ್ತಿ, ಬಾಯಿ ಚಿಕ್ಕದು, ಮುಚ್ಚಳ ಬಿಗಿ. ಅಗಲ ಟಬ್ ಆದರೆ ಮೇಲ್ಮೈ ಜಾಸ್ತಿ, ಗಾಳಿಯೂ ಜಾಸ್ತಿ ಸೇರುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಖಂಡಿತ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಎಬ್ಬಿಸುತ್ತದೆ. ಇದಕ್ಕೆ ಬಳಸಿದ ಲೋಟ, ಚಮಚ, ಭರಣಿ ಮತ್ತೆ ಅಡಿಗೆ ಮನೆಗೆ ಹೋಗಬಾರದು. ಕೈಗೆ ಉದ್ದ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಜಾಗ ಹಿತ್ತಲು.

ಬಣ್ಣದ ಪುಡಿ ಕಾರ್ಖಾನೆಯ ಇಂಡಿಗೊ, ಡಬ್ಬಿಯ ಮೇಲೆ ವ್ಯಾಟ್ ಬ್ಲೂ 1 ಅಂತ ಇರುತ್ತದೆ. ನೈಸರ್ಗಿಕ ನೀಲಿ ಯಾಕೆ ಬಳಸಲಿಲ್ಲ ಅಂತ ಕೇಳುವವರಿದ್ದಾರೆ. ಗಿಡದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ನೀಲಿಯ ಅಣು ಒಂದೇ. ಗಿಡದ ಪುಡಿಯಲ್ಲಿ ಬೇರೆ ಪದಾರ್ಥಗಳೂ ಸೇರಿರುತ್ತವೆ, ಒಂದೊಂದು ಚೀಲದಲ್ಲಿ ಒಂದೊಂದು ಪ್ರಮಾಣ. ಹಳೆ ಬಣ್ಣಕ್ಕೆ ಲೆಕ್ಕ ಹಿಡಿದು ಹೊಂದಿಸಬೇಕಾದಾಗ ಅದು ತಲೆನೋವು. ಈ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿದವನು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್. 1883ರ ಹೊತ್ತಿಗೆ ಅದರ ರಚನೆಯನ್ನೂ ಬಿಡಿಸಿದ, 1905ರಲ್ಲಿ ನೊಬೆಲ್ ಬಂತು. ಆದರೆ ಅವನ ದಾರಿ ಕಾರ್ಖಾನೆಗೆ ದುಬಾರಿ. ಕಾರ್ಲ್ ಹಾಯ್ಮನ್ ಎಂಬ ಇನ್ನೊಬ್ಬ ರಸಾಯನ ವಿಜ್ಞಾನಿ ತೋರಿಸಿದ ದಾರಿ ಹಿಡಿದು, ಡಾಂಬರಿನಲ್ಲಿ ಸಿಗುವ ನ್ಯಾಫ್ತಲೀನ್‌ನಿಂದ ಶುರು ಮಾಡಿ, ಬಿಎಎಸ್ಎಫ್ 1897ರಲ್ಲಿ ಮಾರುಕಟ್ಟೆಗೆ ತಂದಿತು. ಬಿಹಾರ, ಬಂಗಾಳದ ನೀಲಿ ವ್ಯಾಪಾರ ಆಮೇಲೆ ಕುಸಿಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸರಕು ನಿಂತಾಗ ಸ್ವಲ್ಪ ಚೇತರಿಸಿಕೊಂಡಿತು ಅಷ್ಟೆ. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ಈ ನೀಲಿಯ ಬೇಸಾಯದಲ್ಲಿ ಸಿಕ್ಕಿಬಿದ್ದ ರೈತರಿಗಾಗಿಯೇ.

ಈಗ ವ್ಯಾಟ್, ಅಂದರೆ ಬಟ್ಟೆ ಅದ್ದುವ ಇಂಡಿಗೊ ದ್ರಾವಣ. ಮೊದಲು ಗಟ್ಟಿ ದ್ರಾವಣ ಮಾಡಿಕೊಳ್ಳಬೇಕು. 20 ಗ್ರಾಂ ಇಂಡಿಗೊವನ್ನು ನೇರ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ, ಏನು ಮಾಡಿದರೂ ನೆನೆಯುವುದಿಲ್ಲ. ಒಂದು ಚಮಚ ಟಿ.ಆರ್. ಆಯಿಲ್ (ಟರ್ಕಿ ರೆಡ್ ಆಯಿಲ್, ಪುಡಿ ನೆನೆಯಲು ನೆರವಾಗುವ, ನೀರಿನಲ್ಲಿ ಬೆರೆಯುವ ಎಣ್ಣೆ), ಸ್ವಲ್ಪ ಬೆಚ್ಚನೆ ನೀರು ಹಾಕಿ ಗಂಟಿಲ್ಲದಂತೆ ಅರೆದೆ. ಒಂದು ಲೀಟರಿನ ಗಾಜಿನ ಭರಣಿಯಲ್ಲಿ 50 ಡಿಗ್ರಿಯಷ್ಟು ಬಿಸಿಯ ನೀರು 700 ಮಿಲಿ, ಅದಕ್ಕೆ ಈ ಅರೆದದ್ದು. ಬೇರೆ ಲೋಟದಲ್ಲಿ ತಣ್ಣೀರಿಗೆ 18 ಗ್ರಾಂ ಕಾಸ್ಟಿಕ್ ಹಾಕಿ ಕರಗಿಸಿ ಸೇರಿಸಿದೆ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕೊನೆಗೆ 25 ಗ್ರಾಂ ಹೈಡ್ರೋಸ್ ಮೇಲಿಂದ ಉದುರಿಸಿ, ಗುಳ್ಳೆ ಏಳದಂತೆ ನಿಧಾನ ಕಲಕಿ, ಭರಣಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ನಿಲ್ಲಿಸಿದೆ.

ಲೆಕ್ಕದ ಪ್ರಕಾರ 20 ಗ್ರಾಂ ಇಂಡಿಗೊಗೆ ಸುಮಾರು 13 ಗ್ರಾಂ ಹೈಡ್ರೋಸ್, 12 ಗ್ರಾಂ ಕಾಸ್ಟಿಕ್ ಸಾಕು. ಉಳಿದದ್ದು ಗಾಳಿಯ ಪಾಲು.

ಭರಣಿ ಹಳದಿಯಾಗಲಿಲ್ಲ. ಒಂದು ಗಂಟೆ ಕಳೆದರೂ ನೀಲಿ ಕೆಸರು ಹಾಗೇ ಇತ್ತು. ಕಾರಣ ಹೈಡ್ರೋಸ್. ಅದನ್ನು ಒಂದು ಅಂಗಡಿಯಿಂದ ಬಿಡಿಯಾಗಿ ತಂದಿದ್ದೆ. ಪೊಟ್ಟಣದಲ್ಲಿ ಅರ್ಧ ಗಟ್ಟಿಗಟ್ಟಿ, ಗಂಧಕದ ಘಾಟು. ಎಳೆಗಳ ಪರೀಕ್ಷೆಗೆ ಬಳಸಿದ್ದು ಬೇರೆ ಡಬ್ಬಿಯ ಕೊನೆಯ ಚಮಚ, ಅದಕ್ಕೆ ಅಲ್ಲಿ ಕೆಲಸ ಮಾಡಿತ್ತು. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಹೈಡ್ರೋಸ್ ತೇವ ಕುಡಿದು ಸತ್ತೇ ಹೋಗುತ್ತದೆ. ಸತ್ತರೆ ಪರವಾಗಿಲ್ಲ, ಒದ್ದೆಯಾದ ರಾಶಿ ತಾನಾಗಿ ಬಿಸಿಯಾಗಿ ಹೊಗೆಯಾಡುವುದೂ ಉಂಟು. ಒದ್ದೆ ಚಮಚ ಡಬ್ಬಿಗೆ ಹಾಕಬೇಡಿ, ಸಿಂಕ್ ಪಕ್ಕ ಇಡಬೇಡಿ. ಸೀಲ್ ಆದ ಹೊಸ ಡಬ್ಬಿ ತಂದು ಮತ್ತೆ 20 ಗ್ರಾಂ ಹಾಕಿದೆ. ಕೆಸರು ಹಸಿರಾಗಿ, ಆಮೇಲೆ ಬಿಯರ್ ಬಾಟಲಿಯ ಕಂದು ಹಳದಿಗೆ ಬಂತು. ಗಾಜಿನ ಕಡ್ಡಿ ಅದ್ದಿ ಎತ್ತಿದರೆ ಕಡ್ಡಿಯ ಮೇಲೆ ತಿಳಿ ಹಳದಿ, ಒಂದೂ ನೀಲಿ ಚುಕ್ಕೆ ಇಲ್ಲ, ಅರ್ಧ ನಿಮಿಷದೊಳಗೆ ನೀಲಿ. ಪುಡಿ ಪೂರ್ತಿ ಕರಗಿದೆ ಅನ್ನುವುದಕ್ಕೆ ಇದೇ ಗುರುತು.

ಬಕೆಟ್‌ಗೆ 15 ಲೀಟರ್ ಬಿಸಿನೀರು, ಅದೇ 50 ಡಿಗ್ರಿ. 60 ದಾಟಿದರೆ ಹೈಡ್ರೋಸ್ ಬೇಗ ಹಾಳಾಗುತ್ತದೆ. ಬಣ್ಣ ಹಾಕುವ ಮೊದಲು ನೀರಿಗೇ 8 ಗ್ರಾಂ ಹೈಡ್ರೋಸ್, ಸ್ವಲ್ಪ ಕಾಸ್ಟಿಕ್ ಹಾಕಿ ಹತ್ತು ನಿಮಿಷ ಮುಚ್ಚಿಟ್ಟೆ. ನೀರಲ್ಲಿ ಕರಗಿರುವ ಆಮ್ಲಜನಕ ಹೋಗಲಿ ಅಂತ. ನಿಜ ಹೇಳಬೇಕೆಂದರೆ ಅದಕ್ಕೆ ಅಷ್ಟು ಬೇಡ. 15 ಲೀಟರ್ ಬಿಸಿನೀರಿನಲ್ಲಿ ಇರುವ ಆಮ್ಲಜನಕಕ್ಕೆ ಅರ್ಧ ಗ್ರಾಂ ಹೈಡ್ರೋಸ್ ಸಾಕು. ಆದರೆ ಒಂದೇ ಒಂದು ಲೀಟರ್ ಗಾಳಿ ಬೆರೆತರೆ ಸುಮಾರು ಒಂದೂವರೆ ಗ್ರಾಂ ಹೈಡ್ರೋಸ್ ಮುಗಿಸುತ್ತದೆ. ಈ ಲೆಕ್ಕ ಹಾಕಿದ ಮೇಲೆ ನನಗೆ ಕೈ ತಾನಾಗಿ ನಿಧಾನ ಆಯಿತು. ಒಣ ಬಟ್ಟೆಯ ಮಡಿಕೆಗಳಲ್ಲಿ, ಬಿರುಸಾಗಿ ಕಲಕಿದಾಗ ಎದ್ದ ಗುಳ್ಳೆಗಳಲ್ಲಿ, ಹಿಂಡುವಾಗ ಮೇಲಿಂದ ಬೀಳುವ ಹನಿಗಳಲ್ಲಿ ಎಷ್ಟು ಗಾಳಿ ಒಳಗೆ ಹೋಗುತ್ತದೆ ಯೋಚಿಸಿ.

ಗಟ್ಟಿ ದ್ರಾವಣವನ್ನೂ ಎತ್ತರದಿಂದ ಸುರಿಯಲಿಲ್ಲ. ಭರಣಿಯನ್ನೇ ನೀರೊಳಗೆ ಇಳಿಸಿ, ಅಲ್ಲೇ ಬಗ್ಗಿಸಿ ಖಾಲಿ ಮಾಡಿದೆ. ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದಾಗ ಮೇಲೆ ತೆಳ್ಳಗೆ ಒಂದು ಪದರ, ಹಳೆ ತಾಮ್ರದ ಚೊಂಬಿನ ಹೊಳಪು. ನಡುವೆ ಒಂದಿಷ್ಟು ನೀಲಿ ನೊರೆ. ಪದರ ಸರಿಸಿ ನೋಡಿದರೆ ಕೆಳಗೆ ಹಳದಿಹಸಿರು, ತಿಳಿ. ಕ್ಷಾರ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ 11 ಮತ್ತು 12ರ ನಡುವೆ ತೋರಿಸಿತು. 11ರ ಹತ್ತಿರ ಇದ್ದರೆ ಹತ್ತಿ ಚೆನ್ನಾಗಿ ಹಿಡಿಯುತ್ತದೆ, ಬಣ್ಣ ಎಳೆಯ ಹೊರಮೈಯಲ್ಲೇ ದಟ್ಟವಾಗಿ ಕೂರುತ್ತದೆ. ಜೀನ್ಸ್ ಬಟ್ಟೆಯ ಗುಟ್ಟೂ ಇದೇ. ಹೊರಗೆ ನೀಲಿ, ಎಳೆಯ ಹೊಟ್ಟೆಯಲ್ಲಿ ಬಿಳಿ, ಉಜ್ಜಿದ ಕಡೆಯಲ್ಲೆಲ್ಲ ಬಿಳಿ ಇಣುಕುತ್ತದೆ.

ಅದ್ದುವಾಗ ಧೋತರದ ತುಂಡುಗಳನ್ನು ಮೊದಲು ನೀರಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಅಂಚಿನಿಂದ ಮೆಲ್ಲಗೆ ಇಳಿಸಿದೆ. ಒಳಗೆ ಎರಡು ನಿಮಿಷ ಮಡಿಕೆ ಬಿಡಿಸುತ್ತಾ ಆಡಿಸಬೇಕು, ಬಟ್ಟೆ ನೀರಿನಿಂದ ಮೇಲೆ ಬರಬಾರದು. ತೆಗೆಯುವಾಗ ನೀರಿನ ಮಟ್ಟದಲ್ಲೇ ಹಿಂಡಿ, ಸದ್ದಿಲ್ಲದೆ ಎತ್ತಬೇಕು. ಹೊರಗೆ ಬಂದಾಗ ಬಟ್ಟೆ ಹಳದಿಹಸಿರು. ಹಸಿರು ಕಪ್ಪಾಗುತ್ತದೆ, ಅಂಚುಗಳಿಂದ ನೀಲಿ ಹರಡುತ್ತದೆ, ಒಂದೆರಡು ನಿಮಿಷಕ್ಕೆ ಇಡೀ ತುಂಡು ನೀಲಿ. ದೊಡ್ಡವ್ವ ಇಷ್ಟು ಹೊತ್ತು ಬೈಯುತ್ತಿದ್ದವಳು ಇದನ್ನು ನೋಡಲು ಮಾತ್ರ ಕುರ್ಚಿ ಹಾಕಿಕೊಂಡು ಕೂತಳು. "ಇನ್ನೊಂದು ತಗಿ ನೋಡೂಣು" ಅಂತ ಅವಳದೇ ಅವಸರ.

ಕಡುನೀಲಿ ಬೇಕೆಂದು ಬಟ್ಟೆಯನ್ನು ಗಂಟೆಗಟ್ಟಲೆ ಒಳಗೆ ಬಿಟ್ಟರೆ ಉಪಯೋಗವಿಲ್ಲ. ಹಿಂದಿನ ಅದ್ದಿನಲ್ಲಿ ಕೂತ ನೀಲಿಯನ್ನೂ ಹೈಡ್ರೋಸ್ ಮತ್ತೆ ಕರಗಿಸಿ ವಾಪಸ್ ಕರೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಅದ್ದು, ಹತ್ತು ಹದಿನೈದು ನಿಮಿಷ ಗಾಳಿಗೆ ಹಾಕು, ಮತ್ತೆ ಅದ್ದು, ಹೀಗೆ ಪದರ ಪದರವಾಗಿ ಏರಿಸಬೇಕು. ಕಡುನೀಲಿಗೆ ಆರೇಳು ಅದ್ದು ಹಿಡಿಯಿತು, ನಡುವಿನದಕ್ಕೆ ಮೂರು. ತಿಳಿನೀಲಿಯನ್ನು ಬೇಕಂತಲೇ ಕೊನೆಗೆ ಇಟ್ಟೆ. ಹೊಸ ವ್ಯಾಟ್‌ನಲ್ಲಿ ಒಂದೇ ಅದ್ದಿಗೆ ತಿಳಿನೀಲಿ ಬರುತ್ತದೆ ನಿಜ, ಆದರೆ ಸಮನಾಗಿ ಬರುವುದಿಲ್ಲ. ಬಣ್ಣ ಮುಗಿಯುತ್ತಾ ಬಂದ ವ್ಯಾಟ್‌ನಲ್ಲಿ ಎರಡು ಮೂರು ಸಲ ಅದ್ದಿದರೆ ಸಮ, ಒಗೆತಕ್ಕೂ ಗಟ್ಟಿ.

ಮಧ್ಯಾಹ್ನದ ಹೊತ್ತಿಗೆ ವ್ಯಾಟ್ ಕೆಳಗೂ ನೀಲಿಹಸಿರಾಗಿ ಮಬ್ಬಾಯಿತು. ಗಾಳಿ ಸೇರಿದೆ ಎಂದರ್ಥ. 5 ಗ್ರಾಂ ಹೈಡ್ರೋಸ್ ಉದುರಿಸಿ, ಬಿಸಿ ನೋಡಿ, ಮುಚ್ಚಿ ಬಿಟ್ಟರೆ ಅರ್ಧ ಗಂಟೆಯಲ್ಲಿ ತಿಳಿಯಾಯಿತು. ಹಾಲಿನ ಹಾಗೆ ಬೆಳ್ಳಗೆ ಮಬ್ಬಾದರೆ ಕಾರಣ ಬೇರೆ. ಅಲ್ಲಿ ಕಾಸ್ಟಿಕ್ ಕಡಿಮೆಯಾಗಿ, ಲ್ಯೂಕೋ ಇಂಡಿಗೊ (ಹೈಡ್ರೋಸ್ ಹಳದಿ ಮಾಡಿ ಕರಗಿಸಿದ ಇಂಡಿಗೊ) ಕರಗದ ಬಿಳಿ ರೂಪಕ್ಕೆ ಇಳಿದಿರುತ್ತದೆ. ಹೈಡ್ರೋಸ್ ಖರ್ಚಾದಂತೆ ಆಮ್ಲ ಹುಟ್ಟುತ್ತದೆ, ಪಿಎಚ್ ತಾನಾಗಿ ಇಳಿಯುತ್ತದೆ. ಆದ್ದರಿಂದ ಹೈಡ್ರೋಸ್ ಹಾಕಿದಾಗಲೆಲ್ಲ ಕಾಗದ ಅದ್ದಿ ನೋಡುವುದು ಒಳ್ಳೆಯದು. ವ್ಯಾಟ್ ತೀರಾ ತಿಳಿ ಹಳದಿಯಾಗಿದ್ದೂ ಬಟ್ಟೆ ಬಣ್ಣ ಹಿಡಿಯದಿದ್ದರೆ ಇಂಡಿಗೊ ಮುಗಿದಿದೆ, ಇಲ್ಲವೇ ಹೈಡ್ರೋಸ್ ಅತಿಯಾಗಿದೆ.

ಬಣ್ಣ ಹೊಂದಿಸುವುದನ್ನು ಒದ್ದೆ ಬಟ್ಟೆ ನೋಡಿ ಮಾಡಲಾಗದು. ಒದ್ದೆಯಲ್ಲಿ ಎಲ್ಲವೂ ಕಡು. ಪ್ರತಿ ಹಂತದಲ್ಲೂ ಒಂದು ಸಣ್ಣ ತುಂಡು ಕತ್ತರಿಸಿ, ತೊಳೆದು, ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿ, ಕೌದಿಯ ಮೇಲಿಟ್ಟು ನೋಡುತ್ತಿದ್ದೆ, ಅದೂ ಹಗಲಿನ ಬೆಳಕಲ್ಲಿ. ಟ್ಯೂಬ್‌ಲೈಟಿನಲ್ಲಿ ಒಂದೇ ಅನ್ನಿಸಿದ ಎರಡು ನೀಲಿಗಳು ಬಿಸಿಲಲ್ಲಿ ಬೇರೆಯಾಗುವುದು ಸಾಮಾನ್ಯ. ಎರಡೂ ಕಡೆ ಒಂದೇ ಅಣು ಇದ್ದರೆ ಈ ಕಾಟ ಕಡಿಮೆ. ಇಂಡಿಗೊಗೇ ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಬಣ್ಣವಾದ ಮೇಲೆ ರಾತ್ರಿಯಿಡೀ ನೆರಳಲ್ಲಿ ಗಾಳಿಗೆ ಬಿಟ್ಟೆ. ಮರುದಿನ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಅದ್ದಿ, ಉಳಿದ ಕಾಸ್ಟಿಕ್ ಕಳೆದೆ. ಆಮೇಲೆ ಸೋಪಿನ ನೀರಲ್ಲಿ ಹತ್ತು ನಿಮಿಷ ಕುದಿಸಿದೆ. ಇದನ್ನು ಬಿಡುವವರೇ ಜಾಸ್ತಿ. ಕುದಿಸಿದರೆ ಮೇಲೆ ಸುಮ್ನೆ ಕೂತ ನೀಲಿ ಕಳಚುತ್ತದೆ, ಎಳೆಯೊಳಗಿನ ಇಂಡಿಗೊ ಒಟ್ಟುಗೂಡಿ ಗಟ್ಟಿಯಾಗುತ್ತದೆ, ಬಣ್ಣದ ಛಾಯೆಯೂ ನಿಲ್ಲುತ್ತದೆ. ಕುದಿಸದೆ ಹೊಲಿದಿದ್ದರೆ ಪಕ್ಕದ ಬಿಳಿ ತುಂಡುಗಳೆಲ್ಲ ನೀಲಿಯಾಗುತ್ತಿದ್ದವು. ಉಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುತ್ತಾರೆ. ಇಂಡಿಗೊ ಮಟ್ಟಿಗೆ ಉಪ್ಪಿನಿಂದ ಆಗುವುದೇನೂ ಇಲ್ಲ.

ಕಡುನೀಲಿ ಆದರೂ ತೀರಾ ಹೊಸದಾಗಿ ಕಾಣುತ್ತಿತ್ತು. ಒಗೆಯೋ ಕಲ್ಲಿನ ಮೇಲೆ ಸೋಪು ಹಚ್ಚಿ ಉಜ್ಜಿದೆ, ಮಡಿಕೆಯ ಏಣುಗಳಲ್ಲಿ ಸ್ವಲ್ಪ ಜಾಸ್ತಿ. ಹೊರಮೈ ಸವೆದು ಒಳಗಿನ ಬಿಳಿ ಇಣುಕಿತು, ಹಳೆ ತುಂಡಿನ ನೋಟ ಬಂತು. ಹೊಲಿಗೆ ನನ್ನ ಕೆಲಸವಲ್ಲ. ದೊಡ್ಡವ್ವ ಮತ್ತು ಅವಳ ಸೊಸೆ ಹಳೆ ದಾರದ ಸಾಲು ಹಿಡಿದೇ ಹೊಸ ತುಂಡು ಕೂರಿಸಿದರು. ನಡುವಿನ ನೀಲಿ ಚೆನ್ನಾಗಿ ಹೊಂದಿದೆ, ಎಲ್ಲಿ ಹಾಕಿದ್ದು ಅಂತ ಹುಡುಕಬೇಕು. ತಿಳಿನೀಲಿ ಒಂದು ಕೂದಲಷ್ಟು ಹಸಿರು. ಹಳೆ ತುಂಡು ಮಾಸಿದ ಹಾಗೆ ಬೂದಿ ಬಣ್ಣ ಸೇರಿಸಿಕೊಂಡಿದೆ, ಅದನ್ನು ವ್ಯಾಟ್‌ನಿಂದ ತರಲಾಗದು. ನನಗದು ಅಡ್ಡಿಯಿಲ್ಲ.

ಉಳಿದ ವ್ಯಾಟ್ ಚೆಲ್ಲುವ ಮೊದಲು ಮುಚ್ಚಳ ತೆಗೆದು, ಕೋಲಿನಿಂದ ಗಾಳಿ ಸೇರುವಂತೆ ಬಿರುಸಾಗಿ ಕಲಕುತ್ತಾ ಇಟ್ಟೆ. ಇಲ್ಲಿ ಮಾತ್ರ ಗಾಳಿ ಎಷ್ಟು ಸೇರಿದರೂ ಒಳ್ಳೆಯದೇ. ಹೈಡ್ರೋಸ್ ಪೂರ್ತಿ ಸುಸ್ತಾಗಿ, ಉಳಿದ ಇಂಡಿಗೊ ನೀಲಿ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿಟ್ಟರೆ ಮುಂದಿನ ವ್ಯಾಟ್‌ಗೆ ಬರುತ್ತದೆ. ಮೇಲಿನ ತಿಳಿನೀರಿಗೆ ಆಮೇಲೆಯೇ ವಿನೆಗರ್ ಹಾಕಿ ಪಿಎಚ್ 8ರ ಹತ್ತಿರ ತಂದು, ಜಾಸ್ತಿ ನೀರಿನ ಜೊತೆ ಚರಂಡಿಗೆ ಬಿಟ್ಟೆ. ಹೈಡ್ರೋಸ್ ಜೀವಂತ ಇರುವಾಗ ಆಮ್ಲ ಹಾಕಿದರೆ ಗಂಧಕದ ಡೈಆಕ್ಸೈಡ್ ಎದ್ದು ಉಸಿರು ಕಟ್ಟುತ್ತದೆ. ಬಾವಿ, ಕೆರೆ, ಗಿಡದ ಬುಡ, ಇಲ್ಲೆಲ್ಲ ಚೆಲ್ಲಬಾರದು.

ಕೌದಿಯನ್ನು ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಲ್ಲಿ ಒಗೆಯಲು ಹೇಳಿದ್ದೇನೆ. ನೆರಳಲ್ಲಿ ಒಣಗಿಸಬೇಕು. ಬ್ಲೀಚಿಂಗ್ ಪುಡಿ ಮಾತ್ರ ಹತ್ತಿರಕ್ಕೂ ತರಬಾರದು. ಕ್ಲೋರಿನ್ ಇಂಡಿಗೊ ಅಣುವನ್ನು ನಡುವೆಯೇ ಮುರಿದು ಐಸಾಟಿನ್ ಎಂಬ ಹಳದಿ ವಸ್ತು ಮಾಡುತ್ತದೆ, ಆ ಹಳದಿ ಹೈಡ್ರೋಸ್ ಕೊಟ್ಟ ಹಳದಿಯ ಹಾಗಲ್ಲ, ಎಷ್ಟು ಗಾಳಿಗೆ ಹಾಕಿದರೂ ನೀಲಿಗೆ ತಿರುಗುವುದಿಲ್ಲ.